ವೇಷವೂ ನೇಪಥ್ಯವೂ

ಸಂಸ್ಕೃತದಲ್ಲಿ ‘ನೇಪಥ್ಯ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ರಂಗದ ಪರದೆಯ ಹಿಂದೆ ನಟರು ಸಿದ್ಧವಾಗುವ ಸ್ಥಳವೆಂಬುದು ಒಂದು; ಅವರು ಅಲ್ಲಿ ಧರಿಸುವ ಉಡುಗೆ ತೊಡುಗೆಯೆಂಬುದು ಇನ್ನೊಂದು. ಅಮರಕೋಶದಲ್ಲಿ ಈ ಪದವು ವೇಷವಾಚಕಗಳ ಸಾಲಿನಲ್ಲಿಯೇ ಬಂದಿದೆ. ವೇಷಕ್ಕೂ ಅದು ಸಿದ್ಧವಾಗುವ ಮರೆಯ ಜಾಗಕ್ಕೂ ಹಿಂದಿನವರು ಒಂದೇ ಹೆಸರಿಟ್ಟದ್ದು ನಮ್ಮ ಈ ತಿಂಗಳ ವಿಷಯಕ್ಕೆ ಬಹಳ ಅನುಕೂಲವಾಗಿದೆ. ವಿಷಯವು ಯಾವುದೆಂದರೆ, ಪಾಶ್ಚಾತ್ಯ ನಗರಗಳಲ್ಲಿ ವಸಂತಋತುವಿನ ಉಡುಪುಗಳನ್ನು ತೋರಿಸುವ ‘ಫ್ಯಾಷನ್ ವಾರ’ಗಳು.

ಮುಪ್ಪಿನಲ್ಲಿ ಮೇಷ್ಟರಿಗೆ ಇದೆಲ್ಲ ಏತಕ್ಕೆಂದು ವಾಚಕರು ನಗಬಹುದು. ಆದರೆ ಈ ಪ್ರದರ್ಶನಗಳು ಇಂದು ಮನೆಮನೆಯ ಮೊಬೈಲ್ ಫೋನುಗಳಲ್ಲಿ ಕಾಣುತ್ತಿವೆ. ನಮ್ಮ ಮಕ್ಕಳೂ ಮೊಮ್ಮಕ್ಕಳೂ ನೋಡುತ್ತಿದ್ದಾರೆ. ನೋಡಬೇಡಿರೆಂದು ಹೇಳುವುದು ನಿಷ್ಫಲ. ಹೇಗೆ ನೋಡಬೇಕೆಂದು ವಿಚಾರ ಮಾಡುವುದು ಮಾತ್ರ ಪ್ರಯೋಜನಕರವಾದುದು.

ಮೊದಲು ಇದರ ಕ್ರಮವನ್ನು ತಿಳಿಯೋಣ. ಉಡುಪನ್ನು ಜೀವಂತ ಸ್ತ್ರೀಯರ ಮೈಮೇಲೆ ತೊಡಿಸಿ ಗಿರಾಕಿಗಳಿಗೆ ತೋರಿಸುವ ಪದ್ಧತಿಗೆ ಪ್ರಸಿದ್ಧಿ ತಂದವನು ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲ ದರ್ಜಿ. ಅವನು 1858ರಲ್ಲಿ ಪ್ಯಾರಿಸ್ ನಗರದಲ್ಲಿ ತನ್ನ ಅಂಗಡಿಯನ್ನು ತೆರೆದನು. ಈಗ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ನಾಲ್ಕು ನಗರಗಳು ಇದಕ್ಕೆ ಮುಖ್ಯ ಕ್ಷೇತ್ರಗಳಾಗಿವೆ. ಮುಂದಿನ ವಸಂತಕ್ಕೆಂದು ಹೊಲಿದ ಸ್ತ್ರೀಯರ ಸಿದ್ಧ ಉಡುಪುಗಳನ್ನು ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೂ ಪುರುಷರವನ್ನು ಜೂನ್ ತಿಂಗಳಿನಲ್ಲಿಯೂ ತೋರಿಸುತ್ತಾರೆ. ವಸಂತಕ್ಕೆ ಇಷ್ಟು ಆತುರವೇಕೆಂದರೆ, ವ್ಯಾಪಾರಿಗಳು ನೋಡಿ ಬೇಡಿಕೆ ಕೊಡಬೇಕು. ಕಾರ್ಖಾನೆಗಳು ಬಟ್ಟೆ ತರಿಸಿ ಹೊಲಿಯಬೇಕು. ಹೊಲಿದುದು ಕಡಲು ದಾಟಿ ಅಂಗಡಿಗಳನ್ನು ಸೇರಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪ್ರದರ್ಶನವಾದರೋ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಹ್ವಾನ ಪಡೆದ ಪತ್ರಿಕಾಕರ್ತರೂ ವ್ಯಾಪಾರಿಗಳೂ ಇಕ್ಕೆಲಗಳಲ್ಲಿ ಕುಳಿತಿರಲು, ನಡುವಣ ಹಾದಿಯಲ್ಲಿ ರೂಪದರ್ಶಿಗಳು ನಗದೆ, ನಿಲ್ಲದೆ ನಡೆದುಹೋಗುತ್ತಾರೆ.

ಇಂಥ ಸ್ವಲ್ಪಕಾಲದ ನಡಿಗೆಯು ಲೋಕದ ಉಡುಪನ್ನು ಬದಲಿಸಬಲ್ಲುದೆ? ಬದಲಿಸಿದ್ದುಂಟು. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಸ್ಟಿಯನ್ ಡಿಯೋರ್ ಎಂಬವನು ತನ್ನ ಮೊದಲನೆಯ ವಸಂತಸಂಗ್ರಹವನ್ನು ತೋರಿಸಿದನು. ಬಿಗಿದ ನಡು, ದುಂಡನೆಯ ಹೆಗಲು, ಮೀನಖಂಡದವರೆಗೆ ಅರಳಿಕೊಂಡ ಲಂಗ, ನೋಡಿದವರು ಬೆರಗಾದರು. ಅಮೆರಿಕದ ಪತ್ರಿಕಾ ಸಂಪಾದಕಿ ಕಾರ್ಮೆಲ್ ಸ್ನೋ ಎಂಬಾಕೆಯ ಮಾತಿನಿಂದ ಅದಕ್ಕೆ ‘ನ್ಯೂ ಲುಕ್’ ಎಂಬ ಹೆಸರು ನಿಂತಿತು. ಯುದ್ಧವು ಮುಗಿದು ಎರಡು ವರ್ಷಗಳೂ ತುಂಬದ ಕಾಲವದು. ಇಂಗ್ಲೆಂಡಿನಲ್ಲಿ ಬಟ್ಟೆಗೆ ಇನ್ನೂ ಪಡಿತರವಿತ್ತು; ಅದು ತೆಗೆದುಹೋದದ್ದು 1949ರಲ್ಲಿ. ಒಂದು ಲಂಗಕ್ಕೆ ಗಜಗಟ್ಟಲೆ ಬಟ್ಟೆ ಸುರಿಯುವುದನ್ನು ಕಂಡು ಹಲವರು ಕೋಪಗೊಂಡರು. ಅಮೆರಿಕದಲ್ಲಿ ಸ್ತ್ರೀಯರು ಸಂಘ ಕಟ್ಟಿ ವಿರೋಧಿಸಿದರು. ಆದರೂ ಕೆಲವೇ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಲಂಗಗಳೆಲ್ಲ ಉದ್ದವಾದುವು. ಡಿಯೋರನ ಅಂಗಡಿಗೆ ಬಂಡವಾಳ ಹೂಡಿದವನು ಯಾರು? ಮಾರ್ಸೆಲ್ ಬುಸಾಕ್ ಎಂಬ ಹತ್ತಿಬಟ್ಟೆಯ ಗಿರಣಿಗಳ ದೊಡ್ಡ ಧಣಿ. ಡಿಯೋರನ ಪ್ರತಿಭೆ ನಿಜವಾದುದೇ. ಆದರೆ ಲಂಗವು ಅಗಲವಾದಷ್ಟೂ ಬಟ್ಟೆಯವನಿಗೆ ನಷ್ಟವೇನೂ ಇರಲಿಲ್ಲ. ಇದು ನೇಪಥ್ಯದ ಮೊದಲನೆಯ ಪಾಠ.

ಎರಡನೆಯ ಪಾಠವು ಫ್ಯಾಷನ್ನನ್ನು ಗುರುತಿಸುವ ಬಗೆ. ಒಬ್ಬನ ಪ್ರದರ್ಶನದಲ್ಲಿ ಕಂಡ ವೈಚಿತ್ರ್ಯವು ಅವನ ಸ್ವಂತ ಲಹರಿಯಾಗಿರಬಹುದು. ಒಂದೇ ಬಣ್ಣವೋ ತೋಳಿನ ಒಂದೇ ಕತ್ತರಿಕೆಯೋ ಮೂರು ನಾಲ್ಕು ಮನೆತನಗಳಲ್ಲಿ, ಎರಡು ಮೂರು ನಗರಗಳಲ್ಲಿ ಕಾಣಿಸಿಕೊಂಡರೆ ಮಾತ್ರ ಗಾಳಿ ಆ ಕಡೆಗೆ ಬೀಸುತ್ತಿದೆಯೆಂದು ತಿಳಿಯತಕ್ಕದ್ದು. ಒಬ್ಬರನ್ನೊಬ್ಬರು ಕೇಳದೆ ಎಲ್ಲರೂ ಅದೇ ಬಣ್ಣವನ್ನು ಹೇಗೆ ಆರಿಸಿದರು? ಅದರಲ್ಲಿ ಪವಾಡವೇನಿಲ್ಲ. ಲಿಯೋನ್ ಪ್ರಾಂತದ ನೇಯ್ಗೆಯವರು 1973ರಲ್ಲಿ ಆರಂಭಿಸಿದ ‘ಪ್ರೀಮಿಯೆರ್ ವಿಸಿಯೋ’ ಎಂಬ ಬಟ್ಟೆಯ ಸಂತೆಯುಂಟು. ಉಡುಪು ಅಂಗಡಿಗೆ ಬರುವುದಕ್ಕೆ ಸುಮಾರು ಒಂದು ವರ್ಷ ಮುಂಚೆಯೇ ನೂಲು, ಬಣ್ಣ, ನೇಯ್ಗೆಗಳನ್ನು ಅಂಥ ಸಂತೆಗಳಲ್ಲಿ ಎಲ್ಲರೂ ಕಂಡಿರುತ್ತಾರೆ.

ಮುಖಾಲಂಕಾರದ ವಿಷಯವೂ ಹೀಗೆಯೇ. 2024ರ ಜನವರಿಯಲ್ಲಿ ಪ್ಯಾರಿಸ್ಸಿನ ಒಂದು ಸೇತುವೆಯ ಕೆಳಗೆ ಮಾರ್ಜೆಲಾ ಸಂಸ್ಥೆಯ ಪ್ರದರ್ಶನ ನಡೆಯಿತು. ರೂಪದರ್ಶಿಗಳ ಮುಖಗಳು ಪಿಂಗಾಣಿಯ ಬೊಂಬೆಗಳಂತೆ ನುಣ್ಣಗೆ ಥಳಥಳಿಸುತ್ತಿದ್ದುವು. ಜಗತ್ತಿನ ಹುಡುಗಿಯರೆಲ್ಲ ಇದು ಯಾವ ಎಣ್ಣೆ, ಯಾವ ಪುಡಿಯೆಂದು ಹುಡುಕಾಡಿದರು. ಅಲಂಕಾರ ಮಾಡಿದ ಪ್ಯಾಟ್ ಮಗ್ರಾತ್ ಎಂಬಾಕೆ ಅನಂತರ ತಾನೇ ಗುಟ್ಟನ್ನು ಬಿಚ್ಚಿದಳು: ಒಣಗಿದ ಮೇಲೆ ಸುಲಿದು ತೆಗೆಯುವ ಮುಖಲೇಪವನ್ನು ನೀರಿನಲ್ಲಿ ಕದಡಿ, ಗಾಳಿಯ ಕುಂಚದಿಂದ ಪದರಪದರವಾಗಿ ಹಾಯಿಸಿದ್ದಳು. ಅದು ಚರ್ಮದ ಕಾಂತಿಯಲ್ಲ, ಚರ್ಮದ ಮೇಲಣ ಮುಖವಾಡ. ಮನೆಯ ಕನ್ನಡಿಯಲ್ಲಿ ತನ್ನ ಮುಖವನ್ನು ಅದರೊಡನೆ ಹೋಲಿಸಿ ಕೊರಗುವ ಹುಡುಗಿಗೆ ಈ ಮಾತನ್ನು ತಿಳಿಸುವುದು ತಾಯಿತಂದೆಗಳ ಕರ್ತವ್ಯ.

ಇನ್ನು ನಮ್ಮ ನಾಡಿಗೇ ಸಂಬಂಧಪಟ್ಟ ಸಂಗತಿ. 2025ರ ಜೂನ್ ತಿಂಗಳಿನಲ್ಲಿ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯು 2026ರ ವಸಂತಕ್ಕೆಂದು ಪುರುಷರ ಉಡುಪುಗಳನ್ನು ತೋರಿಸಿತು. ರೂಪದರ್ಶಿಗಳ ಕಾಲುಗಳಲ್ಲಿ ಇದ್ದ ಚಪ್ಪಲಿಗಳನ್ನು ಕಂಡ ನಮ್ಮವರಿಗೆ ಗುರುತು ಹಿಡಿಯಲು ನಿಮಿಷವೂ ಬೇಕಾಗಲಿಲ್ಲ. ಅವು ಕೊಲ್ಹಾಪುರಿ ಮೆಟ್ಟುಗಳ ಪಡಿಯಚ್ಚು. ಸಂಸ್ಥೆಯಾದರೋ ಅವನ್ನು ಬರಿಯ ಚರ್ಮದ ಪಾದರಕ್ಷೆಗಳೆಂದು ಕರೆದಿತ್ತು. ಈ ಮೆಟ್ಟುಗಳಿಗೆ 2019ರಲ್ಲಿಯೇ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದು ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳಿಗೆ ಎಷ್ಟೋ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅಷ್ಟೇ ಸಲ್ಲುತ್ತದೆ. ಅಥಣಿಯ ಮೆಟ್ಟನ್ನು ಅರಿಯದ ಕನ್ನಡಿಗರಾರು? ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿ, ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ವಿದ್ಯೆಯದು. ಜಡೆಯಂಥ ಹೆಣಿಗೆಯ ಕೆಲಸವು ಬಹುಮಟ್ಟಿಗೆ ಹೆಂಗಸರ ಕೈಯಿಂದ ಆಗುತ್ತದೆ.

ಕೂಗೆದ್ದಿತು. ಚಪ್ಪಲಿಗಳು ಭಾರತದ ಸಾಂಪ್ರದಾಯಿಕ ಕೈಕಸಬಿನಿಂದ ಪ್ರೇರಿತವಾದುವೆಂದು ಸಂಸ್ಥೆಯು ಮಹಾರಾಷ್ಟ್ರದ ವಾಣಿಜ್ಯಮಂಡಳಿಗೆ ಬರೆದ ಉತ್ತರದಲ್ಲಿ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವಾಗಿ, ಈ ಸೀಮೆಗಳಲ್ಲಿಯೇ 2,000 ಜೊತೆಗಳನ್ನು ಮಾಡಿಸುವುದೆಂದು ಪ್ರಕಟವಾಯಿತು. ಜೊತೆಯೊಂದಕ್ಕೆ ಗೊತ್ತುಮಾಡಿದ ಬೆಲೆ ಸುಮಾರು 800 ಯೂರೋ.

ಮಿಲಾನಿನವರು ಹೆಸರು ಮರೆತರೆಂದು ನಾವೆಲ್ಲ ಕೋಪಿಸಿಕೊಂಡೆವು, ನ್ಯಾಯವೇ. ಆದರೆ ಅದೇ ಕೋಪವನ್ನು ಸ್ವಲ್ಪ ಮನೆಯ ಕಡೆಗೂ ತಿರುಗಿಸಬೇಕಲ್ಲವೆ? ಹರಳಯ್ಯನವರ ಕಥೆಯನ್ನು ಕೇಳಿ ಕಣ್ಣೊರೆಸಿಕೊಳ್ಳುವ ನಾಡು ನಮ್ಮದು. ಆ ಕಸಬಿನವರನ್ನು ಹೊಸ್ತಿಲಿನಾಚೆಗೆ ನಿಲ್ಲಿಸಿದ ನಾಡೂ ನಮ್ಮದೇ. ಮೆಟ್ಟು ಮಾಡಿದವನ ಹೆಸರನ್ನು ಕೇಳದೆ, ಕೇಳಿದ ಬೆಲೆಗೆ ಅರ್ಧ ಹೇಳಿ, ಕೊನೆಗೆ ಹತ್ತು ರೂಪಾಯಿಗಾಗಿ ಹಟ ಹಿಡಿಯುವ ಗಿರಾಕಿಗಳು ಇಟಲಿಯಿಂದ ಬಂದವರಲ್ಲ. ಕಸಬಿನವನ ಮಗನು ಈ ದುಡಿಮೆಯಲ್ಲಿ ಅನ್ನವೂ ಇಲ್ಲ, ಮಾನವೂ ಇಲ್ಲವೆಂದು ಉಳಿಯನ್ನು ಕೆಳಗಿಟ್ಟು ಪಟ್ಟಣಕ್ಕೆ ಹೋದರೆ, ಮಾನ್ಯತೆಯ ಪತ್ರವು ಗೋಡೆಯ ಮೇಲೆ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂದಿನ ವಸಂತಪ್ರದರ್ಶನವನ್ನು ಮನೆಮಂದಿಯೊಡನೆ ಕೂಡಿ ನೋಡಿರಿ. ಈ ಬಟ್ಟೆಯನ್ನು ನೇಯ್ದವರಾರು, ಈ ಕಸೂತಿ ಯಾವ ಊರಿನದು, ಈ ಹೊಳಪು ಮುಖದ್ದೋ ಲೇಪದ್ದೋ ಎಂದು ಮಕ್ಕಳನ್ನು ಕೇಳಿರಿ. ಅವರು ಫೋನಿನಲ್ಲಿಯೇ ಹುಡುಕಿ ಹೇಳಿಯಾರು. ಅದರಲ್ಲಿ ಅವರು ನಮಗಿಂತ ಜಾಣರು. ಆಮೇಲೆ, ಅಥಣಿಯ ಕಡೆಗೆ ಹೋಗುವ ನೆಂಟರಿದ್ದರೆ ಒಂದು ಜೊತೆ ಮೆಟ್ಟು ತರಹೇಳಿರಿ. ಮಾಡಿದವರ ಹೆಸರನ್ನೂ ಕೇಳಿಕೊಂಡು ಬರಲೆಂದು ಮರೆಯದೆ ತಿಳಿಸಿರಿ.