ಹುಡುಗಿಯನ್ನು ಬೈಯುವ ಮೊದಲು

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಅವತ್ತು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆ ಬಾಗಿಲಲ್ಲೇ ಕುಸಿದು ಕೂತಳು. ಹದಿನಾರರ ಮಗಳಿಗೆ ಐದು ತಿಂಗಳು! ಕೇಳಿದೊಡನೆ ನನ್ನ ಬಾಯಿಂದ ಬಂದದ್ದು, 'ತಾಯಿಯಾಗಿ ನೀನೇನು ಮಾಡ್ತಿದ್ದೆ?' ಆಕೆ ಉತ್ತರ ಕೊಡಲಿಲ್ಲ. ಕೊಡುವುದೇನಿತ್ತು? ಬೆಳಿಗ್ಗೆ ಆರಕ್ಕೆ ನಮ್ಮ ಮನೆ, ಆಮೇಲೆ ಇನ್ನೂ ನಾಲ್ಕು ಮನೆ. ಆಕೆ ನಮ್ಮ ಸಿಂಕಿನ ಮುಂದೆಯೇ ನಿಂತಿದ್ದಳಲ್ಲ.

ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದವಳು. ಟ್ಯೂಷನ್‌ಗೆ ದುಡ್ಡಿಲ್ಲ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಪ್ಪ ಗಾರೆ ಕೆಲಸಕ್ಕೆಂದು ಊರೂರು ಅಲೆಯುವವನು. ಒಂದೇ ಕೋಣೆಯ ಮನೆಯಲ್ಲಿ ಅವಳು ಬರುವ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ. ಇಪ್ಪತ್ತೆರಡರ ಒಬ್ಬ ಹುಡುಗ ಮೊಬೈಲಿಗೆ ಕರೆನ್ಸಿ ಹಾಕಿಸಿದ, ಗೋಬಿ ಮಂಚೂರಿ ಕೊಡಿಸಿದ, ದಿನಾ 'ಊಟ ಆಯ್ತಾ?' ಅಂತ ಕೇಳಿದ. ಇಷ್ಟಕ್ಕೇ ಮರುಳಾದಳಾ ಅಂತೀರಾ? ನಮ್ಮ ಮಕ್ಕಳಿಗೆ ಊಟ ಆಯ್ತಾ ಅಂತ ಕೇಳುವವರು ಮನೆತುಂಬ ಇದ್ದಾರೆ. ಅವಳಿಗೆ ಅವನೊಬ್ಬನೇ.

ಹಾಗಂತ ಇದು ಬಡವರ ಮನೆಯ ಕಥೆ ಎಂದು ಪುಟ ತಿರುಗಿಸಬೇಡಿ. ನಮ್ಮಲ್ಲಿ ದುಡ್ಡಿಗೆ ಕೊರತೆ ಇಲ್ಲದಿರಬಹುದು, ಮಾತಿಗೆ ಇದೆ. ಮಗಳು ದೊಡ್ಡವಳಾದಾಗ ಪ್ಯಾಡಿನ ಪೊಟ್ಟಣ ಕೈಗಿಟ್ಟು 'ಇನ್ನು ಹುಷಾರಾಗಿರು' ಅನ್ನುತ್ತೇವೆ. ಯಾವುದಕ್ಕೆ ಹುಷಾರು? ಅದನ್ನು ಹೇಳುವುದಿಲ್ಲ. ಮುಟ್ಟು ಎರಡು ವಾರ ತಡವಾದರೆ ಅವಳು ಮೊದಲು ನಿಮಗೆ ಹೇಳುತ್ತಾಳಾ, ಗೆಳತಿಗೆ ಹೇಳುತ್ತಾಳಾ? ಗಂಡುಮಕ್ಕಳ ತಾಯಂದಿರೇ, ನೀವು ಮಗನ ಜೊತೆ ಈ ವಿಷಯ ಒಂದು ಸಲವಾದರೂ ಮಾತಾಡಿದ್ದೀರಾ?

ಗುಟ್ಟು ರಟ್ಟಾಗುವ ಭಯಕ್ಕೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವಳ ಒಪ್ಪಿಗೆಗೆ ಬೆಲೆ ಇಲ್ಲ, ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ನಿಜ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಆ ವರದಿಯಲ್ಲಿ ಅವಳ ಹೆಸರು, ಗುರುತು ಬಯಲು ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರು ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ 24 ವಾರದವರೆಗೂ ಗರ್ಭಪಾತ ಮಾಡಿಸಿಕೊಳ್ಳಬಹುದು. 20 ವಾರ ದಾಟಿದ್ದರೆ ಇಬ್ಬರು ವೈದ್ಯರು ಒಪ್ಪಬೇಕು, ಅಷ್ಟೇ. ದಿಕ್ಕು ತೋಚದಿದ್ದರೆ 1098ಕ್ಕೆ ಫೋನ್ ಮಾಡಿ.

'ಅವನಿಗೇ ಕಟ್ಟಿಬಿಡಿ' ಎಂದು ನಮ್ಮ ಬೀದಿಯಲ್ಲೂ ಕೆಲವರು ಅಂದರು. ಹದಿನಾರರ ಹುಡುಗಿಗೆ ಮದುವೆಯಾ? ಅಂಥ ಮದುವೆ ಕರ್ನಾಟಕದಲ್ಲಿ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ.

ನಾವು ಸರ್ಕಾರಿ ಆಸ್ಪತ್ರೆಗೆ ಹೋದಾಗ 22 ವಾರ. ಇನ್ನು ಹದಿನೈದು ದಿನ ನಾಟಿ ಔಷಧಿ ಅಂತ ಅಲೆದಿದ್ದರೆ ಕೈಮೀರುತ್ತಿತ್ತು. ಹುಡುಗನ ಮೇಲೆ ಕೇಸಾಯಿತು. ಅವಳು ಚೇತರಿಸಿಕೊಂಡಿದ್ದಾಳೆ, ಗಣಿತ ಪರೀಕ್ಷೆ ಮತ್ತೆ ಕಟ್ಟಿದ್ದಾಳೆ. ಸಂಜೆ ಹೊತ್ತು ನಮ್ಮ ಊಟದ ಟೇಬಲ್ಲಿನಲ್ಲಿ ನನ್ನ ಮಗಳ ಪಕ್ಕ ಕೂತು ಲೆಕ್ಕ ಮಾಡುತ್ತಾಳೆ. ಮೊನ್ನೆ ಪಕ್ಕದ ಮನೆಯಾಕೆ ದನಿ ತಗ್ಗಿಸಿ ಕೇಳಿದರು, 'ಅಲ್ರೀ, ಅವಳನ್ನ ನಿಮ್ಮ ಮಗಳ ಜೊತೆ ಕೂರಿಸ್ತೀರಾ?'

'ಹೂಂ ಕಣ್ರೀ, ಕೂರಿಸ್ತೀನಿ' ಅಂದೆ.