ರಾತ್ರಿ ಹತ್ತರ ಮುದ್ದೆ
ಮಳವಳ್ಳಿಗೆ ರೈಲಿಲ್ಲ. ಮಗುವಿಗೆ ರಕ್ತದ ಕ್ಯಾನ್ಸರ್ ಎಂದಾದರೆ ಮದ್ದೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರೈಲು. ಎರಡು-ಮೂರು ವರ್ಷ ಇದೇ ಓಡಾಟ. ಗೆದ್ದು ಬಂದ ಮಗುವಿಗೆ ಅಜ್ಜಿ ರಾತ್ರಿ ಹತ್ತಾದರೂ 'ಇನ್ನೊಂದು ತುತ್ತು ಉಣ್ಣು ಮಗ' ಎಂದು ಮುದ್ದೆ ಮುರಿದಿಕ್ಕಿದರೆ ತಪ್ಪೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಸ್ಟೀರಾಯ್ಡ್, ಕೆಲವರ ತಲೆಗೆ ಕೊಟ್ಟ ವಿಕಿರಣ, ಹೃದಯ ದಣಿಸುವ ಡಾಕ್ಸೊರುಬಿಸಿನ್ ಎಂಬ ಮದ್ದು ಬಾಕಿ ವಸೂಲಿಗೆ ನಿಲ್ಲುವುದು ವರ್ಷಗಳ ಮೇಲೆ: ಬೊಜ್ಜು, ಸಕ್ಕರೆ ಕಾಯಿಲೆ, ಸೋತ ಹೃದಯ. ಬೊಜ್ಜು, ಸಕ್ಕರೆ ತಡೆಯಲೆಂದು ದಿನದ ಊಟವನ್ನೆಲ್ಲ ಎಂಟು-ಹತ್ತು ಗಂಟೆಯೊಳಗೆ ಮುಗಿಸುವ ಪದ್ಧತಿಗೆ ಈಗ ಭಾರೀ ಹೆಸರು. ಒಡಿಶಾ ಮೂಲದ ಸಚ್ಚಿದಾನಂದ ಪಾಂಡ ಅವರ ತಂಡ 2012ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಅದರ ಗುಣ ತೋರಿಸಿದ್ದು ಇಲಿಗಳಲ್ಲಿ. ಮನುಷ್ಯರಲ್ಲಿ ಫಲ ಅಷ್ಟೇನೂ ದೊಡ್ಡದಲ್ಲ. ಬೆಳೆಯುವ ಮಕ್ಕಳಿಗೆ ವೈದ್ಯರನ್ನು ಕೇಳದೆ ಬೇಡವೇ ಬೇಡ. ದೊಡ್ಡವರಾದವರಿಗೆ ನನ್ನ ಮಟ್ಟಿಗೆ ಗಡಿಯಾರಕ್ಕಿಂತ ಬೇಕಾದದ್ದು, ಮದ್ದೂರು ವಡೆ ಬಿಡು ಎನ್ನದೆ 'ಸಂಜೆ ಆರರೊಳಗೆ ತಿನ್ನು, ನಿನ್ನೆ ಎಷ್ಟು ಹೊತ್ತು ನಡೆದೆ?' ಎಂದು ವಾರವಾರ ಫೋನಿನಲ್ಲಿ ವಿಚಾರಿಸುವ ಒಬ್ಬರು. ತಪಾಸಣೆಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗುವಾಗ ಹಳೆಯ ಚಿಕಿತ್ಸೆಯ ಫೈಲೂ ಜೊತೆಗಿರಲಿ. ಡಾಕ್ಸೊರುಬಿಸಿನ್ ಒಟ್ಟು ಎಷ್ಟು ಮೈಗೆ ಹೋಗಿದೆ ಎಂಬುದರ ಮೇಲೆ ಹೃದಯದ ಎಕೋ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಎಂಬುದು ನಿಂತಿದೆ.