ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಕಳೆದ ತಿಂಗಳು ನನ್ನ ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿದ್ದ. "ಮಾವ, ಅಪ್ಪನ ಡಾಲ್ಫಿನ್ ಕಾರಿಗೆ ಪೂರಾ ಪೇಂಟ್ ಮಾಡಿಸೋಣ ಅಂತಿದ್ದೀನಿ. ಮುಂದುಗಡೆ ಏಳೆಂಟು ಕಡೆ ಬಣ್ಣ ಎದ್ದುಹೋಗಿದೆ. ಶೆಡ್ಡಿನವರು ಹಳೇ ಬಣ್ಣ ಎಲ್ಲ ತೆಗೆದು ಹೊಸದಾಗಿ ಹೊಡೆದುಕೊಡ್ತೀವಿ ಅಂದರು. ನೀವೇನಂತೀರಿ?" ಎಂದು ಕೇಳಿದ.

ನಾನು ಯೋಚಿಸಲೂ ಇಲ್ಲ, "ಬೇಡ" ಎಂದುಬಿಟ್ಟೆ. ಏಕೆ ಬೇಡ ಎಂಬುದನ್ನು ಫೋನಿನಲ್ಲಿ ವಿವರಿಸಲು ನಾಲಿಗೆ ಏಳಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು, ಅಂಥ ಗಾಡಿಯನ್ನು ಇಟ್ಟುಕೊಂಡಿರುವ ಇತರರಿಗೂ ಉಪಯೋಗವಾದೀತೆಂಬ ಆಸೆಯಿಂದ, ಇಲ್ಲಿ ಬರೆಯುತ್ತಿದ್ದೇನೆ.

ಕಿರಿಯ ಓದುಗರಲ್ಲಿ ಹಲವರಿಗೆ ಡಾಲ್ಫಿನ್ ಎಂಬ ಕಾರಿನ ಹೆಸರೇ ಹೊಸದಿರಬಹುದು. ಅದು ನಮ್ಮ ಬೆಂಗಳೂರಿನಲ್ಲೇ ತಯಾರಾದ ಗಾಡಿ. ಸಿಪಾನಿಯವರು ಮೊದಲು ಬಾದಲ್ ಎಂಬ ಮೂರು ಚಕ್ರದ ಕಾರನ್ನು ಮಾಡಿದ್ದರು. ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರನ್ನು ಆಧಾರವಾಗಿಟ್ಟುಕೊಂಡು 1982ರಲ್ಲಿ ಡಾಲ್ಫಿನ್ನನ್ನು ಹೊರತಂದರು. 848 ಸಿ.ಸಿ. ಎಂಜಿನ್ನು, ಎರಡು ಬಾಗಿಲು, ಹಗುರವಾದ ಮೈ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ಮುಂದೆ ನಿಲ್ಲುವುದು ಇಂಥ ಚಿಕ್ಕ ತಯಾರಕರಿಗೆ ಸಾಧ್ಯವಾಗಲಿಲ್ಲ. ಆದರೂ ನನ್ನ ಭಾವನವರು 1984ರಲ್ಲಿ ಡಾಲ್ಫಿನ್ನನ್ನೇ ಕೊಂಡರು. "ತುಕ್ಕು ಹಿಡಿಯದ ಕಾರು ಮೇಷ್ಟ್ರೇ, ನಮ್ಮ ಮಳೆಗೆ ಇದೇ ಸರಿ" ಎನ್ನುತ್ತಿದ್ದರು.

ಅವರು ಹೇಳಿದ್ದು ನಿಜ. ಡಾಲ್ಫಿನ್ನಿನ ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಉಕ್ಕಿನ ತಗಡನ್ನು ಕಾರಿನ ಆಕಾರಕ್ಕೆ ಒತ್ತಲು ಭಾರಿ ಯಂತ್ರಗಳೂ ಕೋಟಿಗಟ್ಟಲೆ ಬೆಲೆಯ ಅಚ್ಚುಗಳೂ ಬೇಕು. ಫೈಬರ್ ಗ್ಲಾಸಿಗೆ ನಯಗೊಳಿಸಿದ ಒಂದು ಅಚ್ಚು, ಗಾಜಿನ ಎಳೆಗಳ ಚಾಪೆ, ರಾಳ ಮತ್ತು ನುರಿತ ಕೈಗಳಿದ್ದರೆ ಸಾಕು. ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಎಂಬ ದಪ್ಪ ರಾಳವನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ಹರಡುತ್ತಾರೆ. ಅದರ ಮೇಲೆ ಗಾಜಿನ ಚಾಪೆಯನ್ನು ಪದರ ಪದರವಾಗಿ ಇಟ್ಟು ರಾಳದಲ್ಲಿ ನೆನೆಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಕಳಚಿದರೆ ಜೆಲ್‌ಕೋಟೇ ಹೊರಮೈಯಾಗುತ್ತದೆ. ಕೆಲವು ಗಾಡಿಗಳಲ್ಲಿ ಬಣ್ಣ ಅದರಲ್ಲೇ ಬೆರೆತಿರುತ್ತದೆ; ಭಾವನವರ ಗಾಡಿಯಂತೆ ಕೆಲವದರಲ್ಲಿ ಬಣ್ಣವನ್ನು ಅದರ ಮೇಲೆ ಹೊಡೆದಿರುತ್ತಾರೆ. ದೊಡ್ಡ ಕಂಪನಿಗಳೂ ಈ ದಾರಿ ಹಿಡಿದದ್ದುಂಟು. ಅಮೆರಿಕದ ಷೆವರ್ಲೆ ಕಾರ್ವೆಟ್ 1953ರಲ್ಲಿ ಹುಟ್ಟಿದ್ದೂ ಫೈಬರ್ ಗ್ಲಾಸಿನ ಮೈಯಲ್ಲೇ.

ಇನ್ನು ನನ್ನ ತಪ್ಪಿನ ಕಥೆ. ಆಗ ಭಾವನವರು ಹಾಸನದಲ್ಲೇ ನೌಕರಿಯಲ್ಲಿದ್ದರು. 1993ರಲ್ಲಿ ಅವರು ತರಬೇತಿಗೆಂದು ಎರಡು ತಿಂಗಳು ದೆಹಲಿಗೆ ಹೋದಾಗ ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟರು. ಲಾರಿಗಳು ಸಿಡಿಸಿದ ಜಲ್ಲಿಕಲ್ಲಿನಿಂದ ಬಾನೆಟ್ಟಿನ ಮೇಲೆ ಅಲ್ಲಲ್ಲಿ ಮೆಣಸಿನಕಾಳಿನಷ್ಟು ಬಣ್ಣ ಎದ್ದಿತ್ತು. ಅವರು ಬರುವುದರೊಳಗೆ ಗಾಡಿಯನ್ನು ಹೊಸದರಂತೆ ಮಾಡಿ ಅಚ್ಚರಿಪಡಿಸೋಣವೆಂದು ನಾನು ಒಂದು ಪೇಂಟಿಂಗ್ ಶೆಡ್ಡಿಗೆ ಒಯ್ದೆ. ಅವರು ಅಂಬಾಸಿಡರ್, ಫಿಯೆಟ್ಟುಗಳಿಗೆ ಮಾಡುವಂತೆಯೇ ಮಾಡಿದರು. ಬಣ್ಣ ತೆಗೆಯುವ ರಾಸಾಯನಿಕವನ್ನು ಬಾನೆಟ್ಟಿನ ತುಂಬ ಬಳಿದು, ಬಣ್ಣ ಗುಳ್ಳೆಯೆದ್ದ ಮೇಲೆ ತಗಡಿನ ಪಟ್ಟಿಯಿಂದ ಹೆರೆದರು. ಉಕ್ಕಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ರಾಳವೂ ಬಣ್ಣದ ಬಂಧುವೇ ಅಲ್ಲವೆ? ಬಣ್ಣವನ್ನು ಕರಗಿಸುವ ಔಷಧ ಜೆಲ್‌ಕೋಟನ್ನೂ ಮೆದುವಾಗಿಸಿತು. ಒಳಗೆ ಇಳಿದು ಅಲ್ಲೇ ಉಳಿಯಿತು. ಹೊಸ ಬಣ್ಣ ಕನ್ನಡಿಯಂತೆ ಹೊಳೆದದ್ದು ಮೂರು ವಾರ. ಬಿಸಿಲಿಗೆ ಬಾನೆಟ್ ಕಾದಂತೆ ಅಡಗಿದ್ದ ಔಷಧ ಆವಿಯಾಗಿ ಮೇಲೆದ್ದು, ಹಪ್ಪಳ ಕರಿದಂತೆ ಗುಳ್ಳೆಗಳು ಬಂದವು. ಭಾವನವರು ಊರಿಗೆ ಬಂದಾಗ ಕಂಡದ್ದು ಅದನ್ನು.

ಅವರು ಒಂದು ಮಾತು ಬೈಯಲಿಲ್ಲ. "ಹೋಗಲಿ ಬಿಡಿ ಮೇಷ್ಟ್ರೇ, ಒಳ್ಳೇದಾಗಲಿ ಅಂತ ತಾನೇ ಮಾಡಿದ್ದು" ಎಂದರು. ಆಮೇಲೆ ಆರು ತಿಂಗಳು ಪ್ರತಿ ಭಾನುವಾರ ಕುಳಿತು ಆ ಬಾನೆಟ್ಟನ್ನು ಕೈಯಿಂದಲೇ ಉಜ್ಜಿ, ಕೆಟ್ಟ ಜೆಲ್‌ಕೋಟನ್ನು ತೆಗೆದು, ಹೊಸದನ್ನು ಕೂಡಿಸಿದರು. ಅವರ ಪಕ್ಕದಲ್ಲಿ ನೀರಿನ ಬಕೆಟ್ಟು ಹಿಡಿದು ಕುಳಿತು ನಾನು ಕಲಿತದ್ದೇ ಮುಂದಿನ ನಾಲ್ಕು ಮಾತು. ಅವರು ಈಗಿಲ್ಲ. ಆ ಬಾನೆಟ್ ಇದೆ. ಅದರ ಮೇಲೆ ಇನ್ನೊಮ್ಮೆ ಅದೇ ಔಷಧ ಬೀಳುವುದನ್ನು ನಾನು ಹೇಗೆ ಒಪ್ಪಲಿ?

ನನ್ನ ಅಭಿಪ್ರಾಯವಿಷ್ಟು: ಫೈಬರ್ ಗ್ಲಾಸಿನ ಗಾಡಿಯಲ್ಲಿ ಚಿಕ್ಕ ಗಾಯವನ್ನು ಚಿಕ್ಕದಾಗಿಯೇ ವಾಸಿ ಮಾಡಬೇಕು, ಆದಷ್ಟೂ ಒಡೆಯನೇ ಮಾಡಬೇಕು. ಉಕ್ಕಿನ ಗಾಡಿಯಲ್ಲಿ ಬಣ್ಣ ಎದ್ದರೆ ಒಂದು ಮಳೆಗಾಲದಲ್ಲಿ ತುಕ್ಕು ಹರಡುತ್ತದೆ, ಆದ್ದರಿಂದ ಅಲ್ಲಿ ಅವಸರಕ್ಕೆ ಅರ್ಥವಿದೆ. ಇಲ್ಲಿ ತುಕ್ಕಿಲ್ಲ. ಒಂದು ವಾರ ಕಾಯ್ದರೂ ಗಾಯ ದೊಡ್ಡದಾಗುವುದಿಲ್ಲ. ಫೈಬರ್ ಗ್ಲಾಸ್ ನಮಗೆ ಕೊಡುವ ದೊಡ್ಡ ಅನುಕೂಲ ಈ ಸಮಯ. ಅದನ್ನು ಬಿಟ್ಟು ಅವಸರಪಡುವುದು ಅವಿವೇಕ.

ಮೊದಲು ಗಾಯದ ಆಳ ತಿಳಿಯಬೇಕು. ಭೂತಗನ್ನಡಿ ಹಿಡಿದು ನೋಡಿ. ಬಣ್ಣ ಮಾತ್ರ ಹಾರಿ ಕೆಳಗೆ ನಯವಾದ ಮೈ ಕಂಡರೆ ಜೆಲ್‌ಕೋಟ್ ಕ್ಷೇಮವಾಗಿದೆಯೆಂದು ಅರ್ಥ; ಅಲ್ಲಿ ಬಣ್ಣವಷ್ಟೇ ಸಾಕು. ಎಳೆಗಳು ಕಂಡರೆ ಜೆಲ್‌ಕೋಟೂ ಹೋಗಿದೆ. ಎಳೆಗಳ ಗುಂಟ ನೀರು ಒಳಗೆ ಹರಿಯುವುದರಿಂದ ಅದನ್ನು ಮುಚ್ಚದೆ ಬಣ್ಣ ಬಳಿಯಬಾರದು. ಮೂರನೆಯದು, ಜೇಡರ ಬಲೆಯಂತೆ ಒಂದು ಬಿಂದುವಿನಿಂದ ಸುತ್ತಲೂ ಹರಡಿದ ಸಣ್ಣ ಬಿರುಕುಗಳು. ಇದು ಹೆಚ್ಚಾಗಿ ಒಳಗಿನಿಂದ ಬಿದ್ದ ಪೆಟ್ಟಿನದೋ ಬಿಗಿಯಾದ ಬೋಲ್ಟಿನದೋ ಗುರುತು. ಮೇಲೆ ಎಷ್ಟು ಬಣ್ಣ ತುಂಬಿದರೂ ಮತ್ತೆ ಕಾಣಿಸಿಕೊಳ್ಳುತ್ತದೆ. ಒಳಗಿನಿಂದ ಚಾಪೆಯ ಒತ್ತು ಕೊಟ್ಟು, ಹೊರಗಿನ ಬಿರುಕನ್ನು ತೆರೆದು ತುಂಬಬೇಕಾದ ಈ ಕೆಲಸವನ್ನು ಫೈಬರ್ ಬಲ್ಲವರಿಗೆ ಬಿಡುವುದು ಲೇಸು. ಸುತ್ತಲೂ ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿ. ಒಂದು ಕಡೆ ಮಾತ್ರ ಸದ್ದು ಮಂದವಾದರೆ ಅಲ್ಲಿ ಪದರಗಳು ಬಿಟ್ಟುಕೊಂಡಿರಬಹುದು.

ಮೊದಲ ಎರಡು ಬಗೆಯವನ್ನು ಮನೆಯಲ್ಲೇ ಸರಿಪಡಿಸಬಹುದು. ಸಾಬೂನಿನ ನೀರಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೇಣ, ಎಣ್ಣೆಯ ಅಂಶವನ್ನು ಒರೆಸಿ. ಎಳೆ ಕಂಡಿದ್ದರೆ ಎರಡು ದಿನವಾದರೂ ಬಿಸಿಲಿಗಿಟ್ಟು ತೇವವನ್ನು ಹೋಗಲಾಡಿಸಿ. ಒಳಗಿನ ತೇವವನ್ನು ಮುಚ್ಚಿಹಾಕಿದರೆ ಅದೇ ಮುಂದೆ ಗುಳ್ಳೆಯಾಗುತ್ತದೆ. ಗಾಯದ ಅಂಚನ್ನು ಮಾತ್ರ 600 ನಂಬರಿನ ವಾಟರ್ ಪೇಪರಿನಿಂದ, ನೀರು ಹಾಕಿಕೊಂಡೇ, ಇಳಿಜಾರು ಮಾಡಿ. ಒಣದಾಗಿ ಉಜ್ಜಿದರೆ ಗಾಜಿನ ಹುಡಿ ಚರ್ಮಕ್ಕೂ ಉಸಿರಿಗೂ ಕೇಡು. ಮುಖಕ್ಕೆ ಮಾಸ್ಕ್ ಇರಲಿ.

ಹಳ್ಳಕ್ಕೆ ಜೆಲ್‌ಕೋಟನ್ನು ಹಾರ್ಡ್‌ನರ್ ಬೆರೆಸಿ ತುಂಬಬೇಕು. ಹಾರ್ಡ್‌ನರ್ ನೂರಕ್ಕೆ ಒಂದೆರಡು ಭಾಗ ಸಾಕು. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಮೀರಬೇಡಿ. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯವಾದ್ದರಿಂದ ರಕ್ಷಣೆಯ ಕನ್ನಡಕ ಬೇಕೇ ಬೇಕು. ಸಾಮಾನ್ಯ ಜೆಲ್‌ಕೋಟ್ ಗಾಳಿ ಸೋಕಿದರೆ ಮೇಲ್ಭಾಗದಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಭಾವನವರು ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ ಗಾಳಿಯನ್ನು ತಡೆಯುತ್ತಿದ್ದರು. ಮಾರನೆಯ ದಿನ ಟೇಪು ಕಿತ್ತರೆ ಉಗುರಿನಂತೆ ಗಟ್ಟಿಯಾಗಿರುತ್ತಿತ್ತು.

ಬಣ್ಣದ ಸರದಿ ಕೊನೆಗೆ. ಹಳೆಯ ಗಾಡಿಯ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ಕಂಪನಿಯ ಹೆಸರು ಹೇಳಿ ತಂದ ಬಣ್ಣ ಹೊಂದುವುದಿಲ್ಲ. ಕಳಚಬಹುದಾದ ಒಂದು ಚಿಕ್ಕ ಭಾಗವನ್ನು ಕಾಂಪೌಂಡಿನಿಂದ ತಿಕ್ಕಿ ಬೆಳಗಿಸಿ ಬಣ್ಣದ ಅಂಗಡಿಗೆ ಒಯ್ದು ಹೊಂದಿಸಿ ಬೆರೆಸಿಕೊಳ್ಳಿ. ಅತಿ ಸಣ್ಣ ಕುಂಚದಿಂದ, ಗಾಯದ ಒಳಗಷ್ಟೇ, ತೆಳುವಾಗಿ ಬಳಿದು ಒಣಗಲು ಬಿಡಿ. ಹೀಗೆ ನಾಲ್ಕೈದು ಸಲ ಬಳಿದಾಗ ಬಣ್ಣ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಒಂದೇ ಸಲಕ್ಕೆ ದಪ್ಪವಾಗಿ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಕುಗ್ಗುತ್ತದೆ. ವಾರ ಕಳೆದ ಮೇಲೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರನ್ನು ಚಿಕ್ಕ ರಬ್ಬರಿನ ತುಂಡಿಗೆ ಸುತ್ತಿ, ಸಾಬೂನಿನ ನೀರಿನಲ್ಲಿ ಮೆಲ್ಲಗೆ ಉಜ್ಜಿ ಮಟ್ಟ ಮಾಡಿ, ಕಾಂಪೌಂಡ್ ಹಾಕಿ ಹೊಳಪು ಬರಿಸಿ. ಅಷ್ಟೇ.

"ಹತ್ತಿರದಿಂದ ನೋಡಿದರೆ ತೇಪೆ ಕಾಣುತ್ತದಲ್ಲ?" ಎಂದು ಕೇಳುವವರುಂಟು. ಕಾಣುತ್ತದೆ, ಸುಳ್ಳು ಹೇಳಲಾರೆ. ಆದರೆ ಪೂರ್ತಿ ಬಣ್ಣದ ಬೆಲೆಯನ್ನೂ ಎಣಿಸಬೇಕು. ಹಳೆಯದರ ಮೇಲೆಯೇ ಹೊಡೆದರೆ ಪದರ ದಪ್ಪವಾಗುತ್ತದೆ. ಫೈಬರ್ ಗ್ಲಾಸಿನ ಮೈ ಬಳುಕುವಂಥದ್ದು. ದಪ್ಪ ಬಣ್ಣ ಅದರೊಡನೆ ಬಳುಕಲಾರದೆ ಸೀಳುತ್ತದೆ. ಹಳೆಯದನ್ನು ಉಜ್ಜಿ ತೆಗೆಯಹೋದರೆ ಅರ್ಧ ಮಿಲಿಮೀಟರಿನ ಜೆಲ್‌ಕೋಟ್ ಪ್ರತಿ ಸಲವೂ ಸವೆಯುತ್ತದೆ. ಔಷಧ ಹಾಕಿದರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ. ಡಾಲ್ಫಿನ್ನಿಗೆ ಹೊಸ ಬಾನೆಟ್ ಯಾವ ಷೋರೂಮಿನಲ್ಲಿಯೂ ಸಿಗುವುದಿಲ್ಲ.

ಇಡೀ ಮೈಯೇ ಬಿರುಕುಬಿಟ್ಟಿದ್ದರೆ, ಬಣ್ಣ ಹಾಳೆಹಾಳೆಯಾಗಿ ಏಳುತ್ತಿದ್ದರೆ ಶೆಡ್ಡಿಗೆ ಹೋಗದೆ ವಿಧಿಯಿಲ್ಲ, ಒಪ್ಪುತ್ತೇನೆ. ಆಗಲೂ ಮೂರು ಮಾತು ಕೇಳಿ: ಫೈಬರ್ ಮೈಯ ಮೇಲೆ ಕೆಲಸ ಮಾಡಿದ್ದೀರಾ? ಬಣ್ಣವನ್ನು ಔಷಧವಿಲ್ಲದೆ ಉಜ್ಜಿಯೇ ತೆಗೆಯುತ್ತೀರಾ? ಉಕ್ಕಿನ ಕಾರಿಗೆ ಕೊಡುವಷ್ಟು ಕಾವು ಕೊಟ್ಟು ಒಣಗಿಸುವುದಿಲ್ಲ ತಾನೇ? ಈ ಮೂರನ್ನು ನಾನು 1993ರಲ್ಲಿ ಕೇಳಲಿಲ್ಲ. ಆ ಶೆಡ್ಡಿನವರನ್ನು ನಾನು ಇಂದಿಗೂ ದೂರುವುದಿಲ್ಲ. ತಮಗೆ ಗೊತ್ತಿದ್ದ ಕೆಲಸವನ್ನು ಅವರು ಶ್ರದ್ಧೆಯಿಂದಲೇ ಮಾಡಿದರು. ಎಂಟು ಕಾಳಿನಷ್ಟು ಗಾಯಕ್ಕೆ ಇಡೀ ಬಾನೆಟ್ಟನ್ನು ಒಪ್ಪಿಸಿದವನು ನಾನು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು. ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದವನಿಗೆ, ಅಕ್ಷರ ತಪ್ಪಾದರೆ ಅಕ್ಷರವನ್ನು ತಿದ್ದಬೇಕು, ಹಾಳೆ ಹರಿಯಬಾರದು ಎಂಬುದು ತಿಳಿದಿರಬೇಕಿತ್ತು.

ಅಕ್ಕನ ಮಗ ಕಳೆದ ಭಾನುವಾರ ಗಾಡಿಯನ್ನು ಹಾಸನಕ್ಕೇ ತಂದ. ಹಿಂದಿನ ಡಿಕ್ಕಿಯಲ್ಲಿ ಅವನಪ್ಪನ ತಗಡಿನ ಪೆಟ್ಟಿಗೆಯೂ ಇತ್ತು: ಕುಂಚ, ಭೂತಗನ್ನಡಿ, ಸವೆದ ರಬ್ಬರಿನ ತುಂಡು. ಇಬ್ಬರೂ ಕುಳಿತು ಗಾಯಗಳನ್ನು ಎಣಿಸಿದೆವು. ಎಂಟರಲ್ಲಿ ಏಳು ಬರಿಯ ಬಣ್ಣದವು. ಎಂಟನೆಯದು ದೀಪದ ಬಳಿಯ ಜೇಡರ ಬಲೆ. ಅದನ್ನು ಫೈಬರ್ ಕೆಲಸ ಬಲ್ಲವರಿಗೆ ತೋರಿಸಲು ಗುರುತು ಹಾಕಿಟ್ಟೆವು. ನನ್ನ ಕೈ ಈಗ ನಡುಗುವುದರಿಂದ ಕುಂಚವನ್ನು ಅವನೇ ಹಿಡಿದ. ನಾನು ನೀರಿನ ಬಕೆಟ್ಟು ಹಿಡಿದು ಕುಳಿತೆ. ಮೊದಲ ಪದರ ಮುಗಿದಿದೆ. ಇನ್ನು ನಾಲ್ಕು ಇವೆ. ಅವಸರವೇನೂ ಇಲ್ಲ.